ಮುಖವಾಡ ಧರಿಸಿದ ಧೈರ್ಯ

ಗಾಯಗೊಳ್ಳಲು ಸಿದ್ಧನಾಗಿ ನಿಲ್ಲುವವನನ್ನು ನಾವು ಧೈರ್ಯಶಾಲಿಯೆಂದು ಕರೆಯುತ್ತೇವೆ. ಗಾಯವಾಗದಂತೆ ಉಪಾಯ ಮಾಡಿಕೊಳ್ಳುವವನನ್ನು ಏನೆಂದು ಕರೆಯಬೇಕು? ಜಾಣನೆಂದೇ, ಅಂಜುಬುರುಕನೆಂದೇ? ಈ ಪ್ರಶ್ನೆಯು ತರ್ಕಶಾಸ್ತ್ರದ ತರಗತಿಯಲ್ಲಿ ಹುಟ್ಟಿದುದಲ್ಲ. 1959ರ ನವೆಂಬರ್ 1ರ ರಾತ್ರಿ ನ್ಯೂಯಾರ್ಕ್ ನಗರದ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ಕ್ರೀಡಾಂಗಣದಲ್ಲಿ, ಮುಖದಿಂದ ರಕ್ತ ಸುರಿಯುತ್ತಿದ್ದ ಒಬ್ಬ ಆಟಗಾರನ ಮುಂದೆ ಅದು ಬಂದು ನಿಂತಿತು. ಆತನ ಹೆಸರು ಜಾಕ್ ಪ್ಲಾಂತ್, ಕೆನಡಾ ದೇಶದವನು, ಐಸ್ ಹಾಕಿ ಆಟವನ್ನೇ ವೃತ್ತಿಯಾಗಿ ಉಳ್ಳ ಗೋಲುರಕ್ಷಕ. ಅಂದು ಆತನು ಕೊಟ್ಟ ಉತ್ತರವು ಒಂದು ಆಟದ ರೂಪವನ್ನೇ ಬದಲಿಸಿತು. ಆತನ ವೃತ್ತಿಜೀವನದಿಂದ ವಿಜ್ಞಾನದ ವಿದ್ಯಾರ್ಥಿಗಳು ಕಲಿಯಬೇಕಾದುದು ಬಹಳವಿದೆಯೆಂಬುದು ನನ್ನ ಅಭಿಪ್ರಾಯ.

ಲಡಾಖಿನಂತಹ ಶೀತಪ್ರದೇಶಗಳನ್ನು ಬಿಟ್ಟರೆ ನಮ್ಮ ದೇಶದಲ್ಲಿ ಈ ಆಟವನ್ನು ಕಂಡವರು ಕಡಮೆ. ಆದುದರಿಂದ ನಾಲ್ಕು ಮಾತುಗಳಲ್ಲಿ ಅದರ ಪರಿಚಯ ಮಾಡಿಕೊಡುವುದು ಅವಶ್ಯ. ಸುಮಾರು 61 ಮೀಟರು ಉದ್ದ, 26 ಮೀಟರು ಅಗಲದ ಮಂಜುಗಡ್ಡೆಯ ಅಂಗಣ. ಅದರ ಸುತ್ತ ಹಲಗೆಯ ಗೋಡೆ. ಒಂದೊಂದು ಪಕ್ಷದಲ್ಲಿಯೂ ಆರು ಜನ. ಎಲ್ಲರ ಕಾಲಲ್ಲಿಯೂ ಉಕ್ಕಿನ ಅಲಗನ್ನು ಜೋಡಿಸಿದ ಪಾದರಕ್ಷೆ. ಚೆಂಡಿಗೆ ಬದಲಾಗಿ ಗಟ್ಟಿ ರಬ್ಬರಿನ ಒಂದು ಬಿಲ್ಲೆ. ಅದಕ್ಕೆ ‘ಪಕ್’ ಎಂದು ಹೆಸರು. ಅದರ ವ್ಯಾಸ ಏಳೂವರೆ ಸೆಂಟಿಮೀಟರಿಗೆ ತುಸು ಹೆಚ್ಚು, ದಪ್ಪ ಎರಡೂವರೆ ಸೆಂಟಿಮೀಟರು, ತೂಕ ಸುಮಾರು 165 ಗ್ರಾಂ. ಮಂಜುಗಡ್ಡೆಯ ಮೇಲೆ ಪುಟಿಯದಿರಲೆಂದು ಆಟಕ್ಕೆ ಮೊದಲು ಬಿಲ್ಲೆಯನ್ನು ಶೀತಪೆಟ್ಟಿಗೆಯಲ್ಲಿಟ್ಟು ಮತ್ತಷ್ಟು ಗಡುಸು ಮಾಡುತ್ತಾರೆ. 183 ಸೆಂಟಿಮೀಟರು ಅಗಲ, 122 ಸೆಂಟಿಮೀಟರು ಎತ್ತರದ ಗೋಲಿನ ಚೌಕಟ್ಟಿನ ಮುಂದೆ ನಿಂತು ಈ ಬಿಲ್ಲೆಯನ್ನು ತಡೆಯುವವನೇ ಗೋಲುರಕ್ಷಕ.

ಆತನು ಎದುರಿಸುವ ಅಪಾಯ ಎಷ್ಟೆಂಬುದನ್ನು ಪ್ರೌಢಶಾಲೆಯ ಭೌತವಿಜ್ಞಾನದಿಂದಲೇ ಲೆಕ್ಕ ಹಾಕಬಹುದು. ಬಲವಾಗಿ ಬೀಸಿ ಹೊಡೆದ ಬಿಲ್ಲೆಯು ಗಂಟೆಗೆ 160 ಕಿಲೋಮೀಟರು ವೇಗವನ್ನು ಮುಟ್ಟಬಲ್ಲದು. ಎಂದರೆ ಸೆಕೆಂಡಿಗೆ ಸುಮಾರು 44 ಮೀಟರು. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿಯು ಸುಮಾರು 160 ಜೌಲ್ ಎಂದು ಬರುವುದು. ಒಂದು ಕಿಲೋಗ್ರಾಂ ತೂಕದ ಕಲ್ಲನ್ನು 16 ಮೀಟರು ಎತ್ತರದಿಂದ, ಎಂದರೆ ನಾಲ್ಕೈದು ಅಂತಸ್ತುಗಳ ಕಟ್ಟಡದ ಮೇಲಿನಿಂದ, ಕೈಬಿಟ್ಟರೆ ಅದು ನೆಲವನ್ನು ಬಡಿಯುವಾಗ ಉಳ್ಳ ಶಕ್ತಿಯೂ ಇಷ್ಟೇ. ಹತ್ತು ಮೀಟರು ದೂರದಿಂದ ಹೊಡೆದ ಬಿಲ್ಲೆಯು ಕಾಲು ಸೆಕೆಂಡಿನೊಳಗಾಗಿ ಗೋಲನ್ನು ಮುಟ್ಟುವುದು. ಕಣ್ಣು ಕಂಡುದನ್ನು ಮೆದುಳು ಗ್ರಹಿಸಿ, ಕೈ ಚಲಿಸಲಾರಂಭಿಸಲು ಮನುಷ್ಯನಿಗೆ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಉಳಿಯುವ ಅವಧಿ ಕಣ್ಣೆವೆ ಮುಚ್ಚುವಷ್ಟೂ ಇಲ್ಲ. ಎದುರಿನವರ ಕಾಲುಗಳ ನಡುವಿನಿಂದ ಬಿಲ್ಲೆ ತೂರಿಬಂದರಂತೂ ಅದು ಕಣ್ಣಿಗೆ ಬೀಳುವ ಮೊದಲೇ ಮುಖಕ್ಕೆ ಬಿದ್ದಿರುತ್ತದೆ.

ಹೀಗಿದ್ದರೂ 1950ರ ದಶಕದಲ್ಲಿ ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗಿನ ಗೋಲುರಕ್ಷಕರೆಲ್ಲರೂ ಬರಿಯ ಮುಖದಿಂದಲೇ ಆಡುತ್ತಿದ್ದರು. ಎದೆಗೆ ಮೆತ್ತೆಯಿತ್ತು, ಕಾಲಿಗೆ ದಪ್ಪನೆಯ ಕವಚವಿತ್ತು, ಕೈಗೆ ಗವಸು ಇತ್ತು. ಕಣ್ಣು, ಮೂಗು, ಹಲ್ಲುಗಳಿಗೆ ಮಾತ್ರ ಏನೂ ಇರಲಿಲ್ಲ. ಮೊಣಕಾಲಿಗೆ ಕವಚ ಕಟ್ಟಿಕೊಂಡವನನ್ನು ಯಾರೂ ಹೇಡಿಯೆನ್ನಲಿಲ್ಲ. ಮುಖಕ್ಕೆ ಕಟ್ಟಿಕೊಂಡರೆ ಹೇಡಿತನವೆಂದರು! ಈ ವಿಚಿತ್ರ ನ್ಯಾಯಕ್ಕೆ ಆಧಾರ ಯಾವುದೂ ಇರಲಿಲ್ಲ. ಹಿಂದಿನವರು ಹಾಗೆ ಆಡಿದ್ದರು ಎಂಬುದೊಂದೇ ಆಧಾರ. ಆದರೆ ಹಿಂದಿನವರ ಆಟವೇ ಬೇರೆ. ಕೋಲನ್ನು ಹಿಂದಕ್ಕೆತ್ತಿ ಬೀಸಿ ಹೊಡೆಯುವ ‘ಸ್ಲ್ಯಾಪ್ ಶಾಟ್’ ಎಂಬ ಹೊಡೆತವು ಬಳಕೆಗೆ ಬಂದುದು 1950ರ ದಶಕದಲ್ಲಿ. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬನಾದ ಬರ್ನಿ ಜೆಫ್ರಿಯನ್ ಎಂಬಾತನು ಪ್ಲಾಂತನ ಸ್ವಂತ ತಂಡದಲ್ಲಿಯೇ ಇದ್ದನು. ಆಯುಧವು ಹರಿತವಾಯಿತು, ಕವಚವು ಮಾತ್ರ ಹಳೆಯದಾಗಿಯೇ ಉಳಿಯಿತು. ಸನ್ನಿವೇಶವು ಬದಲಾದಮೇಲೂ ಸಂಪ್ರದಾಯವನ್ನು ಮರುಪರಿಶೀಲಿಸದಿರುವುದು ಧೈರ್ಯವಲ್ಲ; ಅದು ಬುದ್ಧಿಯ ಸೋಮಾರಿತನ.

ಪ್ಲಾಂತನು 1929ರ ಜನವರಿ 17ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಒಂದು ಬಡ ಕುಟುಂಬದಲ್ಲಿ ಹುಟ್ಟಿದನು. ಹನ್ನೊಂದು ಮಕ್ಕಳಲ್ಲಿ ಹಿರಿಯವನು. ಬಾಲ್ಯದಿಂದಲೇ ಆತನಿಗೆ ಉಬ್ಬಸದ ಬಾಧೆ. ಮಂಜಿನ ಮೇಲೆ ಬಹಳ ಹೊತ್ತು ಓಡಾಡಲು ಉಸಿರು ಸಾಲದೆ, ನಿಂತಲ್ಲಿಯೇ ನಿಂತು ಆಡುವ ಗೋಲುರಕ್ಷಕನ ಸ್ಥಾನವನ್ನು ಆರಿಸಿಕೊಂಡನು. ತಾಯಿಯಿಂದ ಉಣ್ಣೆ ಹೆಣೆಯುವುದನ್ನು ಕಲಿತು, ತನ್ನ ಟೊಪ್ಪಿಗೆಗಳನ್ನು ತಾನೇ ಹೆಣೆದುಕೊಳ್ಳುತ್ತಿದ್ದನು. ಪ್ರಸಿದ್ಧನಾದ ಮೇಲೂ ಈ ಹವ್ಯಾಸವನ್ನು ಬಿಡಲಿಲ್ಲ. ಇತರರು ಏನೆಂದುಕೊಳ್ಳುವರೋ ಎಂಬ ಅಂಜಿಕೆ ಆತನಿಗೆ ಮೊದಲಿನಿಂದಲೂ ಕಡಮೆಯೆಂಬುದಕ್ಕೆ ಇದೊಂದು ಚಿಕ್ಕ ನಿದರ್ಶನ. 1952-53ರ ಋತುವಿನಲ್ಲಿ ಮಾಂಟ್ರಿಯಲ್ ನಗರದ ಕನೇಡಿಯನ್ಸ್ ತಂಡದ ಪರವಾಗಿ ಮೊದಲ ಬಾರಿಗೆ ಲೀಗಿನಲ್ಲಿ ಆಡಿದನು. ಆತನು ಗೋಲನ್ನು ಕಾಯುತ್ತಿದ್ದಾಗ ಆ ತಂಡವು 1956ರಿಂದ 1960ರವರೆಗೆ ಸತತವಾಗಿ ಐದು ವರ್ಷ ಸ್ಟ್ಯಾನ್ಲಿ ಕಪ್ಪನ್ನು ಗೆದ್ದಿತು. ಅತಿ ಕಡಮೆ ಗೋಲುಗಳನ್ನು ಬಿಟ್ಟುಕೊಟ್ಟುದಕ್ಕಾಗಿ ಸಲ್ಲುತ್ತಿದ್ದ ವೆಜಿನಾ ಪಾರಿತೋಷಕವು ಆ ಐದು ವರ್ಷವೂ ಪ್ಲಾಂತನಿಗೇ ಸಂದಿತು.

ಆತನ ಆಟದಲ್ಲಿ ವೀಕ್ಷಣೆಯ ಗುಣವು ಎದ್ದುಕಾಣುತ್ತಿತ್ತು. ಗೋಲುರಕ್ಷಕನು ತನ್ನ ಚೌಕಟ್ಟಿಗೆ ಅಂಟಿಕೊಂಡಿರಬೇಕೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಆತನು ಗೋಲನ್ನು ಬಿಟ್ಟು ಹಿಂದಕ್ಕೆ ಹೋಗಿ ಬಿಲ್ಲೆಯನ್ನು ಹಿಡಿದು ತನ್ನವರಿಗೆ ಒಪ್ಪಿಸುವ ಕ್ರಮವನ್ನು ಬೆಳೆಸಿದನು. ಎದುರಾಳಿಗಳ ಹೊಡೆತದ ರೀತಿಗಳನ್ನು ಗಮನಿಸಿ ಗುರುತು ಹಾಕಿಕೊಳ್ಳುತ್ತಿದ್ದನು. ಕೆಲವು ಊರುಗಳ ಅಂಗಣಗಳಲ್ಲಿ ಗೋಲಿನ ಮೇಲಡ್ಡವು ಬೇರೆ ಎತ್ತರದಲ್ಲಿದೆಯೆಂದು ಒಮ್ಮೆ ಹೇಳಿದಾಗ ಎಲ್ಲರೂ ನಕ್ಕರು. ಅಳತೆಗೋಲನ್ನು ಹಿಡಿದು ನೋಡಿದಾಗ ಆತನ ಮಾತೇ ನಿಜವಾಯಿತು. ನಿತ್ಯವೂ ಬೆನ್ನ ಹಿಂದಿದ್ದ ಕಬ್ಬಿಣದ ಅಡ್ಡವನ್ನು ಇತರರೂ ಕಂಡಿದ್ದರು. ಆದರೆ ಗಮನಿಸಿದವನು ಈತನೊಬ್ಬನೇ. ನೋಡುವುದಕ್ಕೂ ಗಮನಿಸುವುದಕ್ಕೂ ಇರುವ ಈ ಅಂತರವೇ ವಿಜ್ಞಾನದ ಮೊದಲ ಮೆಟ್ಟಿಲು.

ಇಂತಹವನು ತನ್ನ ಗಾಯಗಳನ್ನು ಲೆಕ್ಕವಿಡದೆ ಇದ್ದಾನೆಯೇ? ಕೆನ್ನೆಯ ಎಲುಬು ಮುರಿದಿತ್ತು. ಮೂಗು ಒಂದಕ್ಕಿಂತ ಹೆಚ್ಚು ಬಾರಿ ಮುರಿದಿತ್ತು. ಮುಖಕ್ಕೆ ಹಾಕಿದ ಹೊಲಿಗೆಗಳಂತೂ ಎಣಿಕೆಗೆ ಸಿಕ್ಕದಷ್ಟಾಗಿದ್ದವು. ನಡು ದಶಕದಿಂದಲೇ ಆತನು ಅಭ್ಯಾಸದ ವೇಳೆಯಲ್ಲಿ ಮುಖವಾಡವನ್ನು ಧರಿಸತೊಡಗಿದನು. ಪಂದ್ಯದಲ್ಲಿ ಧರಿಸಲು ಮಾತ್ರ ತಂಡದ ಶಿಕ್ಷಕನಾದ ಟೋ ಬ್ಲೇಕನು ಒಪ್ಪಲಿಲ್ಲ. ಗಾಜುನಾರಿನ ಸಾಮಾನುಗಳನ್ನು ತಯಾರಿಸುವ ಸಂಸ್ಥೆಯೊಂದರಲ್ಲಿ ಉದ್ಯೋಗಿಯಾಗಿದ್ದ ಬಿಲ್ ಬರ್ಚ್‌ಮೋರ್ ಎಂಬಾತನು, ಪ್ಲಾಂತನು ಪೆಟ್ಟು ತಿಂದುದನ್ನು ಪ್ರೇಕ್ಷಕರ ನಡುವೆ ಕುಳಿತು ಕಂಡು, ಆತನಿಗಾಗಿ ಒಂದು ಮುಖವಾಡವನ್ನು ರಚಿಸಲು ಮುಂದಾದನು. ಪ್ಲಾಂತನ ಮುಖದ ಅಚ್ಚನ್ನು ಗಾರೆಯಲ್ಲಿ ತೆಗೆದು, ಅದರ ಮೇಲೆ ಗಾಜುನಾರಿನ ಬಟ್ಟೆಯನ್ನು ಪದರಪದರವಾಗಿ ಹಾಸಿ, ಕೃತಕ ರಾಳದಿಂದ ತೋಯಿಸಿ ಗಟ್ಟಿಗೊಳಿಸಿದರು. ಕಣ್ಣಿಗೂ ಬಾಯಿಗೂ ತೂತುಗಳುಳ್ಳ, ಚರ್ಮದ ಬಣ್ಣದ, ಮುಖಕ್ಕೆ ಅಂಟಿದಂತೆ ಕೂರುವ ಒಂದು ತೆಳು ಚಿಪ್ಪು ಸಿದ್ಧವಾಯಿತು.

ಗಾಜು ಎಂದರೆ ಒಡೆಯುವ ವಸ್ತುವಲ್ಲವೇ, ಅದರಿಂದ ಕವಚವೆಂತು ಎಂದು ವಾಚಕರು ಕೇಳಬಹುದು. ದಪ್ಪನೆಯ ಗಾಜಿನ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ಬಿರುಕುಗಳಿರುತ್ತವೆ. ಬಲ ಬಿದ್ದಾಗ ಈ ಬಿರುಕಿನ ತುದಿಯಲ್ಲಿ ಬಲವೆಲ್ಲ ಕೂಡಿಕೊಂಡು ಗಾಜು ಸೀಳುವುದು. ಗಾಜನ್ನು ಕೂದಲೆಳೆಗಿಂತ ತೆಳ್ಳಗೆ ಎಳೆದಾಗ ಅಷ್ಟು ದೊಡ್ಡ ಬಿರುಕಿಗೆ ಎಡೆಯೇ ಇರುವುದಿಲ್ಲವಾಗಿ ಅದು ಅತಿಶಯವಾದ ಬಲವನ್ನು ಪಡೆಯುತ್ತದೆ. ಇಂಗ್ಲೆಂಡಿನ ಗ್ರಿಫಿತ್ ಎಂಬ ಇಂಜಿನಿಯರನು 1920ರಲ್ಲಿಯೇ ಇದನ್ನು ತೋರಿಸಿಕೊಟ್ಟಿದ್ದನು. ಇಂತಹ ಎಳೆಗಳನ್ನು ರಾಳದಲ್ಲಿ ಹುದುಗಿಸಿದರೆ, ಒಂದು ಎಳೆ ತುಂಡಾದರೂ ಅದರ ಹೊರೆಯನ್ನು ರಾಳವು ನೆರೆಯ ಎಳೆಗಳಿಗೆ ಹಂಚುವುದು. ಮುಖವಾಡದ ಮುಖ್ಯ ಕೆಲಸವೂ ಹಂಚುವುದೇ. ಬಿಲ್ಲೆಯ ಅಂಚು ಎರಡು ಚದರ ಸೆಂಟಿಮೀಟರಿನಷ್ಟು ಚರ್ಮವನ್ನು ಬಡಿಯುವುದೆಂದು ಭಾವಿಸೋಣ. ಅದೇ ಬಲವನ್ನು ಚಿಪ್ಪು ಐವತ್ತು ಚದರ ಸೆಂಟಿಮೀಟರಿಗೆ ಹರಡಿದರೆ ಒತ್ತಡವು ಇಪ್ಪತ್ತೈದನೆಯ ಒಂದು ಪಾಲಿಗೆ ಇಳಿಯುವುದು. ಎಲುಬನ್ನು ಒಡೆಯಬಲ್ಲ ಪೆಟ್ಟು ಚರ್ಮವನ್ನು ಕಂದಿಸುವ ಪೆಟ್ಟಾಗುವುದು.

ಇನ್ನು ಆ ರಾತ್ರಿಯ ವಿಷಯ. ಎದುರಾಳಿಯಾಗಿದ್ದುದು ನ್ಯೂಯಾರ್ಕಿನ ರೇಂಜರ್ಸ್ ತಂಡ. ಆಟ ಆರಂಭವಾಗಿ ಕೆಲವೇ ನಿಮಿಷಗಳಲ್ಲಿ ಆಂಡಿ ಬಾತ್‌ಗೇಟ್ ಎಂಬ ಆಟಗಾರನು ಹೊಡೆದ ಬಿಲ್ಲೆಯು ಪ್ಲಾಂತನ ಮುಖವನ್ನು ಸೀಳಿತು. ಆ ಕಾಲದಲ್ಲಿ ತಂಡಗಳು ಒಬ್ಬನೇ ಗೋಲುರಕ್ಷಕನನ್ನು ಕರೆತರುತ್ತಿದ್ದುದರಿಂದ, ಆತನ ಗಾಯವನ್ನು ಹೊಲಿಯುವವರೆಗೆ ಆಟವನ್ನು ನಿಲ್ಲಿಸಿ ಕಾಯಬೇಕಾಗಿತ್ತು. ಹೊಲಿಗೆ ಹಾಕಿಸಿಕೊಂಡ ಪ್ಲಾಂತನು, ಮುಖವಾಡವಿಲ್ಲದೆ ತಾನು ಅಂಗಣಕ್ಕೆ ಇಳಿಯುವುದಿಲ್ಲವೆಂದು ಸ್ಪಷ್ಟವಾಗಿ ತಿಳಿಸಿದನು. ಬ್ಲೇಕನಿಗೆ ಬೇರೆ ದಾರಿಯಿರಲಿಲ್ಲ. ಪ್ಲಾಂತನು ಮುಖವಾಡ ಧರಿಸಿ ಮರಳಿದನು. ಆತನ ತಂಡವು 3–1ರಿಂದ ಗೆದ್ದಿತು.

ಈ ಹಟಕ್ಕೆ ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ಅರಿಯಬೇಕಾದರೆ ಒಂದು ಸಂಗತಿಯನ್ನು ನೆನೆಯಬೇಕು. ಆಗ ಆ ಲೀಗಿನಲ್ಲಿದ್ದುದು ಆರೇ ತಂಡಗಳು. ಆದುದರಿಂದ ಇಡೀ ಖಂಡದಲ್ಲಿ ಈ ಮಟ್ಟದ ಗೋಲುರಕ್ಷಕರ ಹುದ್ದೆಗಳೂ ಹೆಚ್ಚುಕಡಮೆ ಆರೇ. ಒಬ್ಬನು ಒಲ್ಲೆನೆಂದರೆ ಆ ಸ್ಥಾನಕ್ಕೆ ಕಾದು ನಿಂತವರು ಹಲವರು. ಇಂತಹ ಸ್ಥಿತಿಯಲ್ಲಿ ಗಾಯವನ್ನು ಮರೆಮಾಚುವವನೇ ಉದ್ಯೋಗ ಉಳಿಸಿಕೊಳ್ಳುತ್ತಾನೆ. ಬರಿಯ ಮುಖದ ಶೌರ್ಯವೆಂದು ಪ್ರೇಕ್ಷಕರು ಕೊಂಡಾಡಿದುದರಲ್ಲಿ ಒಂದು ಪಾಲು, ಅನ್ನ ಹೋದೀತೆಂಬ ಭಯವೇ ಆಗಿದ್ದೀತು. ಬಿಲ್ಲೆಗೆ ಅಂಜದಿರುವವರು ಅಲ್ಲಿ ಹಲವರಿದ್ದರು. ನಗೆಗೂ ಯಜಮಾನರ ಕೋಪಕ್ಕೂ ಅಂಜದಿರುವವನು ಒಬ್ಬನೇ ಇದ್ದನು.

ಮುಖವಾಡದ ವಿರೋಧಿಗಳ ವಾದವನ್ನೂ ನಾವು ನ್ಯಾಯವಾಗಿ ಪರಿಶೀಲಿಸಬೇಕು. ಅವರು ಎರಡು ಆಕ್ಷೇಪಗಳನ್ನು ಎತ್ತಿದರು. ಮೊದಲನೆಯದು, ಮುಖವಾಡವು ದೃಷ್ಟಿಗೆ ಅಡ್ಡವಾಗಿ ಕಾಲಬಳಿಯ ಬಿಲ್ಲೆಯನ್ನು ಮರೆಮಾಡುವುದೆಂಬುದು. ಇದು ಹುರುಳಿಲ್ಲದ ಮಾತಲ್ಲ. ಎರಡನೆಯದು, ಅಪಾಯ ತಪ್ಪಿದವನು ಎಚ್ಚರಗೆಡುವನೆಂಬುದು. ಈ ಎರಡೂ ಪರೀಕ್ಷೆಗೆ ಒಳಪಡಿಸಬಹುದಾದ ಹೇಳಿಕೆಗಳು. ಅವು ನಿಜವಾದರೆ ಮುಖವಾಡ ಧರಿಸಿದವನು ಹೆಚ್ಚು ಗೋಲುಗಳನ್ನು ಬಿಡಬೇಕು. ನಡೆದುದೇನು? ಬ್ಲೇಕನ ಕೋರಿಕೆಯಂತೆ 1960ರ ಮಾರ್ಚ್ 8ರಂದು ಪ್ಲಾಂತನು ಮುಖವಾಡವನ್ನು ತೆಗೆದಿಟ್ಟು ಡೆಟ್ರಾಯಿಟ್ ತಂಡದೊಡನೆ ಆಡಿದನು. ಅಂದು 3–0ರಿಂದ ಸೋಲಾಯಿತು. ಮುಂದಿನ ಪಂದ್ಯಕ್ಕೆ ಮುಖವಾಡ ಮರಳಿ ಬಂದಿತು. ಆ ವಸಂತದ ಸ್ಟ್ಯಾನ್ಲಿ ಕಪ್ಪಿನ ಪಂದ್ಯಗಳಲ್ಲಿ ಕನೇಡಿಯನ್ಸ್ ತಂಡವು ಆಡಿದ ಎಂಟು ಆಟಗಳನ್ನೂ ಗೆದ್ದಿತು. ಆ ಎಂಟರಲ್ಲಿ ಪ್ಲಾಂತನು ಬಿಟ್ಟ ಗೋಲುಗಳು ಒಟ್ಟು ಹನ್ನೊಂದು. ಮೂರು ಆಟಗಳಲ್ಲಿ ಒಂದನ್ನೂ ಬಿಡಲಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಎಚ್ಚರ ವಹಿಸಬೇಕು. ಮುಖವಾಡವಿಲ್ಲದ ಒಂದು ಆಟದಲ್ಲಿ ಸೋತುದರಿಂದ ಮುಖವಾಡವೇ ಗೆಲುವಿಗೆ ಕಾರಣವೆಂದು ಸಾಧಿಸಿದಂತಾಗುವುದಿಲ್ಲ. ಒಂದು ಆಟವು ಪ್ರಯೋಗವಲ್ಲ; ಮೇಲಾಗಿ ಅದು ಆ ಕಾಲದ ಅತ್ಯಂತ ಬಲಿಷ್ಠ ತಂಡ. ಆದರೆ ‘ಮುಖವಾಡ ಧರಿಸಿದವನು ಉತ್ತಮವಾಗಿ ಆಡಲಾರನು’ ಎಂಬ ಸಾರ್ವತ್ರಿಕ ಹೇಳಿಕೆಯನ್ನು ಸುಳ್ಳಾಗಿಸಲು ಉತ್ತಮವಾಗಿ ಆಡಿದ ಒಬ್ಬನೇ ಸಾಕು. ಪ್ಲಾಂತನು ಆ ಒಬ್ಬನಾದನು. ಸಾಧಿಸುವುದು ಕಷ್ಟ, ಖಂಡಿಸುವುದು ಸುಲಭ ಎಂಬ ವಿಜ್ಞಾನದ ನಿಯಮವು ಇಲ್ಲಿ ಒಳಿತನ್ನೇ ಮಾಡಿತು.

ಮುಖವಾಡವನ್ನು ಕಂಡುಹಿಡಿದವನು ಪ್ಲಾಂತನೇ ಎಂದು ಹೇಳುವವರುಂಟು, ಅದು ಸರಿಯಲ್ಲ. 1927ರಲ್ಲಿ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಎಲಿಜಬೆತ್ ಗ್ರಹಾಂ ಎಂಬ ವಿದ್ಯಾರ್ಥಿನಿಯು ಕತ್ತಿವರಸೆಯವರ ಜಾಲರಿ ಮುಖವಾಡವನ್ನು ಧರಿಸಿ ಗೋಲು ಕಾಯ್ದಿದ್ದಳು. 1930ರಲ್ಲಿ ಮಾಂಟ್ರಿಯಲ್ಲಿನ ಮರೂನ್ಸ್ ತಂಡದ ಕ್ಲಿಂಟ್ ಬೆನಡಿಕ್ಟನು ಮೂಗು ಮುರಿದುಕೊಂಡ ಬಳಿಕ ತೊಗಲಿನ ಮುಖವಾಡವನ್ನು ಕೆಲವು ಆಟಗಳಲ್ಲಿ ಧರಿಸಿ, ಕಣ್ಣಿಗೆ ಅಡ್ಡವಾಗುವುದೆಂದು ಬಿಸುಟನು. 1936ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳಲ್ಲಿ ಜಪಾನಿನ ಗೋಲುರಕ್ಷಕ ತೇಯ್ಜಿ ಹೊನ್ಮನೂ ಮುಖವಾಡ ಧರಿಸಿದ್ದನು. ಹೊಸ ಭಾವನೆಯೊಂದು ಹಲವರ ಮನಸ್ಸಿನಲ್ಲಿ ಮೊಳೆಯುವುದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪವಲ್ಲ. ಅದು ಬೇರೂರಬೇಕಾದರೆ ಎರಡು ಅನುಕೂಲಗಳು ಕೂಡಿಬರಬೇಕು: ತಕ್ಕ ಸಾಮಗ್ರಿ ಮತ್ತು ನಗೆಗೆ ಜಗ್ಗದೆ ಅದನ್ನು ನಿತ್ಯ ಬಳಸುವ ವ್ಯಕ್ತಿ. ಬೆನಡಿಕ್ಟನಿಗೆ ತೊಗಲು ಮಾತ್ರವಿತ್ತು. ಪ್ಲಾಂತನಿಗೆ ಗಾಜುನಾರು ಒದಗಿತು. ಗೆಲ್ಲುವ ತಂಡದ ಶ್ರೇಷ್ಠ ಗೋಲುರಕ್ಷಕನೇ ಧರಿಸಿದುದರಿಂದ, ಕೈಲಾಗದವನ ನೆಪವೆಂದು ಅದನ್ನು ಹಳಿಯುವಂತಿರಲಿಲ್ಲ.

ಹಾಗಿದ್ದರೂ ಉಳಿದವರು ಒಂದೇ ದಿನದಲ್ಲಿ ಮನಸ್ಸು ಬದಲಿಸಲಿಲ್ಲ. ಗ್ಲೆನ್ ಹಾಲ್ ಎಂಬ ಮಹಾ ಗೋಲುರಕ್ಷಕನು 1955ರಿಂದ 1962ರವರೆಗೆ ಒಂದೂ ಬಿಡದೆ 502 ಆಟಗಳನ್ನು ಬರಿಯ ಮುಖದಿಂದಲೇ ಆಡಿದನು; ಮುಖವಾಡ ಧರಿಸಿದುದು ಆ ಬಳಿಕ. 1966ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯು ಟೆರಿ ಸಾಚಕ್ ಎಂಬ ಮತ್ತೊಬ್ಬನ ಮುಖಕ್ಕೆ, ಆತನು ವೃತ್ತಿಜೀವನದಲ್ಲಿ ಪಡೆದ ಹೊಲಿಗೆಗಳನ್ನೆಲ್ಲ ಬಣ್ಣದಿಂದ ಬರೆಸಿ ಛಾಯಾಚಿತ್ರ ತೆಗೆಯಿಸಿತು. ಚಿಂದಿಗಳನ್ನು ಕೂಡಿಸಿ ಹೊಲಿದ ಬಟ್ಟೆಯಂತಿರುವ ಆ ಮುಖವನ್ನು ನೋಡಿದವರು ಶೌರ್ಯವನ್ನು ಕೊಂಡಾಡುವ ಮೊದಲು ಕ್ಷಣಕಾಲ ತಡೆಯುತ್ತಾರೆ. ಲೀಗಿನಲ್ಲಿ ಮುಖವಾಡವಿಲ್ಲದೆ ಆಡಿದ ಕಡೆಯ ಗೋಲುರಕ್ಷಕ ಆಂಡಿ ಬ್ರೌನ್, ಅದು 1974ರಲ್ಲಿ. ಒಬ್ಬನು ತೋರಿಸಿಕೊಟ್ಟ ಸತ್ಯವು ಎಲ್ಲರ ವಾಡಿಕೆಯಾಗಲು ಹದಿನೈದು ವರ್ಷ ಹಿಡಿಯಿತು.

ಉಳಿದ ಐವರು ಆಟಗಾರರ ತಲೆಯ ಕಥೆ ಇನ್ನೂ ದುಃಖಕರವಾದುದು. 1968ರ ಜನವರಿ 13ರಂದು ಮಿನ್ನೆಸೋಟ ತಂಡದ ಬಿಲ್ ಮಾಸ್ಟರ್ಟನ್ ಎಂಬಾತನು ಆಟದ ನಡುವೆ ಹಿಂದಕ್ಕೆ ಬಿದ್ದು ತಲೆಯನ್ನು ಮಂಜುಗಡ್ಡೆಗೆ ಬಡಿಸಿಕೊಂಡು, ಎರಡು ದಿನಗಳ ಬಳಿಕ ತೀರಿಕೊಂಡನು. ಆತನ ತಲೆಯ ಮೇಲೆ ಶಿರಸ್ತ್ರಾಣವಿರಲಿಲ್ಲ. ಆದರೂ ಲೀಗು ಶಿರಸ್ತ್ರಾಣವನ್ನು ಕಡ್ಡಾಯ ಮಾಡಿದುದು 1979ರಲ್ಲಿ; ಅದೂ ಹೊಸದಾಗಿ ಸೇರುವವರಿಗೆ ಮಾತ್ರ. ಹಳಬರಿಗೆ ವಿನಾಯಿತಿ ದೊರೆಯಿತು. ಶಿರಸ್ತ್ರಾಣವಿಲ್ಲದೆ ಆಡಿದ ಕಡೆಯವನಾದ ಕ್ರೇಗ್ ಮ್ಯಾಕ್‌ಟಾವಿಷ್ ನಿವೃತ್ತನಾದುದು 1997ರಲ್ಲಿ.

ಬುದ್ಧಿವಂತರೇ ಆದ ಆಟಗಾರರು ತಮ್ಮ ತಲೆಯನ್ನು ತಾವೇಕೆ ರಕ್ಷಿಸಿಕೊಳ್ಳಲಿಲ್ಲ? ಈ ಪ್ರಶ್ನೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಷೆಲ್ಲಿಂಗನು 1973ರ ಒಂದು ಪ್ರಬಂಧದಲ್ಲಿ ವಿಚಾರಮಾಡಿದನು. 2005ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದವನು ಈತನೇ. ಆತನ ವಿಚಾರದ ಸಾರಾಂಶವಿದು. ಶಿರಸ್ತ್ರಾಣವಿಲ್ಲದವನಿಗೆ ನೋಟದಲ್ಲಿಯೂ ಮೈಯ ಹಗುರದಲ್ಲಿಯೂ ಎಳ್ಳಷ್ಟು ಅನುಕೂಲವಿರಬಹುದು. ಜೊತೆಗೆ ಧೀರನೆಂಬ ಹೆಸರೂ ಬರುವುದು. ಆದುದರಿಂದ ಒಬ್ಬೊಬ್ಬನಾಗಿ ಕೇಳಿದರೆ ಯಾವನೂ ಮೊದಲು ಧರಿಸಲೊಲ್ಲನು. ಆದರೆ ಎಲ್ಲರೂ ತೆಗೆದರೆ ಯಾರಿಗೂ ಅನುಕೂಲವಿಲ್ಲ. ಅಪಾಯ ಮಾತ್ರ ಎಲ್ಲರಿಗೂ ಉಳಿಯುವುದು. ಎಲ್ಲರೂ ಧರಿಸಬೇಕೆಂಬ ನಿಯಮವನ್ನು ಗುಟ್ಟಿನ ಮತಕ್ಕೆ ಹಾಕಿದರೆ, ತಾವಾಗಿ ಧರಿಸದವರೂ ಅದಕ್ಕೆ ಒಪ್ಪಿಗೆ ಕೊಡಬಹುದು. ಕಡ್ಡಾಯವು ಸ್ವಾತಂತ್ರ್ಯಕ್ಕೆ ಯಾವಾಗಲೂ ವಿರೋಧಿಯೆಂದು ತಿಳಿಯುವವರು ಇದನ್ನು ಮನನ ಮಾಡಬೇಕು. ಮನಸ್ಸಿನಲ್ಲಿ ಬಯಸಿಯೂ ಒಂಟಿಯಾಗಿ ಮಾಡಲಾರದುದನ್ನು ಒಟ್ಟಾಗಿ ಮಾಡಲು ಕೆಲವೊಮ್ಮೆ ನಿಯಮವೇ ನಮ್ಮನ್ನು ಬಿಡುಗಡೆಗೊಳಿಸುತ್ತದೆ.

ರಕ್ಷಾಕವಚಕ್ಕೂ ಮಿತಿಯುಂಟೆಂಬುದನ್ನು ಮರೆಯಬಾರದು. ಪ್ಲಾಂತನು 1965ರಲ್ಲಿ ನಿವೃತ್ತನಾಗಿ, 1968ರಲ್ಲಿ ಮರಳಿ ಬಂದು ಸೇಂಟ್ ಲೂಯಿ ನಗರದ ತಂಡವನ್ನು ಸೇರಿದನು. 1970ರ ಸ್ಟ್ಯಾನ್ಲಿ ಕಪ್ಪಿನ ಅಂತಿಮ ಸ್ಪರ್ಧೆಯಲ್ಲಿ ದಾರಿ ತಿರುಗಿದ ಬಿಲ್ಲೆಯೊಂದು ಆತನ ಮುಖಕ್ಕೆ ಬಡಿದು, ಮುಖವಾಡ ಒಡೆದು, ಆತನು ಪ್ರಜ್ಞೆ ತಪ್ಪಿ ಬಿದ್ದನು. ಜೀವವುಳಿದುದು ಮುಖವಾಡದಿಂದಲೇ ಎಂಬುದು ಆತನ ನಂಬಿಕೆಯಾಗಿತ್ತು. ಆದರೂ ಆತನು ಮೂರ್ಛಿತನಾದುದು ಏಕೆ? ತಲೆಬುರುಡೆಯೊಳಗೆ ಮೆದುಳು ದ್ರವದಲ್ಲಿ ತೇಲುತ್ತಿರುವ ಮೆತ್ತನೆಯ ವಸ್ತು. ತಲೆಯು ಫಕ್ಕನೆ ಚಲಿಸಿದಾಗ ಅಥವಾ ತಿರುಗಿದಾಗ ಮೆದುಳು ಅದರೊಡನೆ ಒಮ್ಮೆಲೆ ಚಲಿಸಲಾರದೆ ಎಳೆತಕ್ಕೆ ಸಿಕ್ಕುತ್ತದೆ. ಹೊರಗಿನ ಚಿಪ್ಪು ಎಲುಬನ್ನು ಉಳಿಸಬಲ್ಲುದು. ಒಳಗಿನ ಈ ಅಲುಗಾಟವನ್ನು ಪೂರ್ತಿಯಾಗಿ ತಡೆಯಲಾರದು. ಮುಖಕ್ಕೆ ಅಂಟಿ ಕೂರುವ ಚಿಪ್ಪಿನ ಬದಲು, ಒಳಗೆ ಮೆತ್ತೆಯುಳ್ಳ ಶಿರಸ್ತ್ರಾಣಕ್ಕೆ ಉಕ್ಕಿನ ಜಾಲರಿಯನ್ನು ಮುಖದಿಂದ ದೂರವಾಗಿ ಜೋಡಿಸಿದ ಮುಖವಾಡಗಳು ಕ್ರಮೇಣ ಬಳಕೆಗೆ ಬಂದುದಕ್ಕೆ ಇದೂ ಒಂದು ಕಾರಣ. ಪೆಟ್ಟು ಹರಡುವುದು ಎಷ್ಟು ಮುಖ್ಯವೋ, ಅದು ಹೆಚ್ಚು ಹೊತ್ತು ಹಿಡಿದು ಮೆಲ್ಲನೆ ತಗಲುವುದೂ ಅಷ್ಟೇ ಮುಖ್ಯ.

ಕವಚವಿರುವುದೆಂಬ ಭರವಸೆಯಿಂದ ಆಟಗಾರರು ಹೆಚ್ಚು ಒರಟಾಗಿ ಆಡುವರೆಂದು ಕೆಲವರು ಇಂದಿಗೂ ಹೇಳುವುದುಂಟು. ಇದರಲ್ಲಿ ಸತ್ಯಾಂಶವಿರಬಹುದು. ಆದರೆ ಒರಟುತನಕ್ಕೆ ಮದ್ದು ಆಟದ ನಿಯಮಗಳನ್ನು ಬಿಗಿಗೊಳಿಸುವುದು. ತಲೆಯನ್ನು ಬರಿದಾಗಿ ಬಿಡುವುದಲ್ಲ. ವಾಹನದ ತಡೆ ಚೆನ್ನಾಗಿದ್ದರೆ ಚಾಲಕರು ವೇಗವಾಗಿ ಓಡಿಸುವರೆಂದು ತಡೆಯನ್ನೇ ಕಿತ್ತುಹಾಕುವವರುಂಟೇ?

ಪ್ಲಾಂತನ ಮುಂದಿನ ಜೀವನವನ್ನು ಸಂಗ್ರಹವಾಗಿ ಹೇಳಬಹುದು. ಮುಖವಾಡ ಧರಿಸಿದ ಬಳಿಕ, 1962ರಲ್ಲಿ, ಲೀಗಿನ ಅತ್ಯುಪಯುಕ್ತ ಆಟಗಾರನಿಗೆ ಸಲ್ಲುವ ಹಾರ್ಟ್ ಪಾರಿತೋಷಕವನ್ನು ಪಡೆದನು. 1969ರಲ್ಲಿ ಏಳನೆಯ ಬಾರಿ ವೆಜಿನಾ ಪಾರಿತೋಷಕವನ್ನು ಪಡೆದಾಗ ಅದನ್ನು ಹಂಚಿಕೊಂಡವನು ಬೇರೆ ಯಾರೂ ಅಲ್ಲ, ಬರಿಯ ಮುಖದ ದಾಖಲೆಯ ಗ್ಲೆನ್ ಹಾಲನೇ. ನಲವತ್ತೆರಡನೆಯ ವಯಸ್ಸಿನಲ್ಲಿ ಟೊರಾಂಟೋ ತಂಡದಲ್ಲಿ, ಆಟವೊಂದಕ್ಕೆ ಸರಾಸರಿ ಎರಡಕ್ಕಿಂತ ಕಡಮೆ ಗೋಲುಗಳನ್ನು ಬಿಟ್ಟು ಲೀಗಿಗೇ ಮೊದಲಿಗನೆನಿಸಿದನು. ಮುಖವಾಡಗಳ ತಯಾರಿಕೆಯಲ್ಲಿಯೂ ಕೈಹಾಕಿ, ಗೋಲು ಕಾಯುವ ಕಲೆಯನ್ನು ಕುರಿತು ಪುಸ್ತಕವನ್ನೂ ಬರೆದನು. 1978ರಲ್ಲಿ ಹಾಕಿಯ ಕೀರ್ತಿಭವನಕ್ಕೆ ಆತನ ಹೆಸರು ಸೇರಿತು. 1986ರ ಫೆಬ್ರವರಿ 27ರಂದು ಜಿನೀವಾ ನಗರದಲ್ಲಿ ಆತನು ಕಾಲವಾದನು.

ಈ ಕಥೆ ಮುಗಿದುಹೋದ ಕಾಲದ್ದೆಂದು ಭಾವಿಸುವುದು ತಪ್ಪು. 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಆಡುತ್ತಿದ್ದ ಆಡಮ್ ಜಾನ್ಸನ್ ಎಂಬ ಆಟಗಾರನು, ಮತ್ತೊಬ್ಬನ ಪಾದರಕ್ಷೆಯ ಅಲಗು ಕುತ್ತಿಗೆಗೆ ತಗಲಿ ಮರಣಹೊಂದಿದನು. ಅಲಗಿಗೆ ಜಗ್ಗದ ಕುತ್ತಿಗೆಪಟ್ಟಿಗಳು ಆಗಲೇ ಬಳಕೆಯಲ್ಲಿದ್ದವು. ಆದರೆ ವೃತ್ತಿಪರರಲ್ಲಿ ಅವನ್ನು ಧರಿಸುವವರು ವಿರಳ. ಅದೇ ವರ್ಷದ ಕೊನೆಯಲ್ಲಿ ಅಂತಾರಾಷ್ಟ್ರೀಯ ಐಸ್ ಹಾಕಿ ಒಕ್ಕೂಟವು ತನ್ನ ಸ್ಪರ್ಧೆಗಳಲ್ಲಿ ಅದನ್ನು ಕಡ್ಡಾಯಗೊಳಿಸುವುದಾಗಿ ಸಾರಿತು. ಸಾಧನವು ಮೊದಲೇ ಸಿದ್ಧವಿದ್ದರೂ ನಿಯಮವು ಸಾವಿಗಾಗಿ ಕಾದಿತ್ತು. ಪ್ಲಾಂತನು ಅರವತ್ತು ವರ್ಷಗಳಿಗೂ ಹಿಂದೆ ಕಲಿಸಿದ ಪಾಠವನ್ನು ಆತನ ಆಟವೇ ಪೂರ್ತಿಯಾಗಿ ಕಲಿತಿರಲಿಲ್ಲವೆಂದಾಯಿತು.

ನಾವೂ ಕಲಿತಿರುವೆವೇ? ಶಿರಸ್ತ್ರಾಣವನ್ನು ತೋಳಿಗೆ ತೂಗುಹಾಕಿಕೊಂಡು ದ್ವಿಚಕ್ರವಾಹನವನ್ನು ಓಡಿಸುವ ತರುಣನೂ, ಪ್ರಯೋಗಶಾಲೆಯಲ್ಲಿ ಆಮ್ಲವನ್ನು ಸುರಿಯುವಾಗ ಕಣ್ಗಾಪನ್ನು ಜೇಬಿನಲ್ಲಿಟ್ಟುಕೊಳ್ಳುವ ವಿದ್ಯಾರ್ಥಿಯೂ 1959ರ ಆ ಪ್ರೇಕ್ಷಕರ ಜೊತೆಯಲ್ಲಿಯೇ ಕುಳಿತಿದ್ದಾರೆ. ಅಪಾಯದ ಅರಿವು ಅವರಿಗೆ ಇಲ್ಲದಿಲ್ಲ; ಜೊತೆಗಾರರು ನಕ್ಕಾರೆಂಬ ಸಂಕೋಚ ಅದಕ್ಕಿಂತ ದೊಡ್ಡದಾಗಿದೆ. ಅಪಾಯವನ್ನು ಅಳೆದು ನೋಡುವುದೂ, ಅಳತೆ ಹೇಳಿದಂತೆ ನಡೆಯುವುದೂ ವಿಜ್ಞಾನಕ್ಕೆ ತಕ್ಕ ನಡತೆ. ತರಗತಿಯಲ್ಲಿ ಯಾರೂ ಧರಿಸದಿರುವ ದಿನ ತಾನೊಬ್ಬನು ಕಣ್ಗಾಪನ್ನು ಧರಿಸಿ ನಿಲ್ಲುವ ವಿದ್ಯಾರ್ಥಿಯು ಚಿಕ್ಕ ಕೆಲಸವನ್ನೇನೂ ಮಾಡುತ್ತಿಲ್ಲ. ಆತನ ಪಕ್ಕದವನು ನಾಳೆ ಸಂಕೋಚವಿಲ್ಲದೆ ಧರಿಸುವಂತೆ ದಾರಿಮಾಡುತ್ತಿದ್ದಾನೆ.